‘ಅಪೊಪ್ಟೋಸಿಸ್ ಉಂಟುಮಾಡುತ್ತದೆ’ ಅಂದರೆ ಸಾಲದು

ಯಾವುದೋ ಗಿಡದ ಸಾರ ಕ್ಯಾನ್ಸರ್ ಕೋಶಗಳಲ್ಲಿ ಅಪೊಪ್ಟೋಸಿಸ್ (ಕೋಶ ತನ್ನೊಳಗಿನ ವ್ಯವಸ್ಥೆಯಿಂದಲೇ ಸಾಯುವುದು) ಉಂಟುಮಾಡುತ್ತದಂತೆ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಮಾಡೀತು. ಪ್ರಮಾಣ ಏರಿಸುತ್ತ ಹೋದರೆ, ತಟ್ಟೆಯಲ್ಲಿ ಬೆಳೆಸಿದ ಕೋಶವನ್ನು ಕೊಲ್ಲದ ವಸ್ತುವೇ ಅಪರೂಪ. ಸಾಯುವ ಸಲಕರಣೆಯೆಲ್ಲ ಕೋಶದೊಳಗೆ ಮೊದಲೇ ಇರುತ್ತದೆ. ಅದನ್ನು ತಡೆದಿಟ್ಟಿರುವ ಪ್ರೋಟೀನ್ ಯಾವುದು, ಈ ಸಾರ ಅದನ್ನು ಮುಟ್ಟುತ್ತದೆಯೇ ಎಂದು ಕೇಳಬೇಕು.

ತಡೆಯುವ ಪ್ರೋಟೀನ್‌ಗಳು ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1. ಡಿಎನ್ಎ ಕೆಟ್ಟರೆ ಪಿ53 ಎಂಬ ಕಾವಲು ಪ್ರೋಟೀನ್ ಮೂಲಕ ಸಾವಿನ ಸಂಕೇತ ಒಯ್ಯುವ ಪ್ಯೂಮಾ, ನಾಕ್ಸಾ ಪ್ರೋಟೀನ್‌ಗಳು ಹೆಚ್ಚುತ್ತವೆ. ಬೆಳವಣಿಗೆಯ ಸಂಕೇತ ನಿಂತರೆ ಬಿಮ್. ಇವು ತಡೆಗಾರರ ಮೈಮೇಲಿನ ತೋಡಿನಲ್ಲಿ ಹೋಗಿ ಕೂರುತ್ತವೆ. ಆಗ ತಡೆಯಿಂದ ಬಿಡುಗಡೆಯಾದ ಬ್ಯಾಕ್ಸ್, ಬ್ಯಾಕ್ ಪ್ರೋಟೀನ್‌ಗಳು ಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಒಳಗಿನ ಸೈಟೋಕ್ರೋಮ್ ಸಿ ಪ್ರೋಟೀನ್ ಹೊರಬಿದ್ದು, ಏಳು ಏಪಾಫ್-1 ಅಣುಗಳು ಚಕ್ರದಂತೆ ಜೋಡಿಸಿಕೊಂಡು, ಕ್ಯಾಸ್ಪೇಸ್-9 (ಪ್ರೋಟೀನ್ ಕತ್ತರಿಸುವ ಕಿಣ್ವ) ಎದ್ದು, ಅದು ಕ್ಯಾಸ್ಪೇಸ್-3 ಮತ್ತು 7ನ್ನು ಕತ್ತರಿಸಿ ಎಬ್ಬಿಸುತ್ತದೆ. ರಂಧ್ರ ಬಿದ್ದ ಮೇಲೆ ಕ್ಯಾಸ್ಪೇಸ್‌ಗಳನ್ನು ತಡೆದರೂ ಹೆಚ್ಚಿನ ಕೋಶಗಳು ನಿಧಾನವಾಗಿಯಾದರೂ ಸಾಯುತ್ತವೆ. (ಕೆಲವು ನರಕೋಶಗಳು ಚೇತರಿಸಿಕೊಳ್ಳುವುದುಂಟು.) ಹಾಗಾಗಿ ತೀರ್ಮಾನ ಆಗುವುದು ಹೊರಪೊರೆಯಲ್ಲೇ ಎಂಬುದು ನನ್ನ ಪಕ್ಷ.

ಎಂಸಿಎಲ್-1 ತೀರಾ ಅಲ್ಪಾಯುಷಿ. ಪ್ರೋಟೀನ್ ತಯಾರಿಕೆ ನಿಂತರೆ ಮೊದಲು ಖಾಲಿಯಾಗುವವುಗಳಲ್ಲಿ ಅದೂ ಒಂದು. ಆ ತಯಾರಿಕೆ ನಿಲ್ಲಿಸುವ ಬರೀ ವಿಷವೂ ‘ಅಪೊಪ್ಟೋಸಿಸ್ ಔಷಧ’ದ ವೇಷ ತೊಡುವುದು ಹೀಗೆ.

ಗುರಿಯಿಟ್ಟು ಹೊಡೆದರೆ ಏನಾಗುತ್ತದೆಂಬುದಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ವೆನೆಟೊಕ್ಲಾಕ್ಸ್ ಔಷಧ ನೋಡಿ. ಅದು ಬಿಸಿಎಲ್-2ರ ತೋಡನ್ನೇ ಮುಚ್ಚುತ್ತದೆ. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ (ಒಂದು ಬಗೆಯ ರಕ್ತದ ಕ್ಯಾನ್ಸರ್) ದಿನಕ್ಕೆ 20 ಮಿ.ಗ್ರಾಂನಿಂದ ಶುರುಮಾಡಿ ವಾರವಾರವೂ 50, 100, 200, 400ಕ್ಕೆ ಏರಿಸುತ್ತಾರೆ. ಅವಸರಪಟ್ಟರೆ ಒಟ್ಟಿಗೇ ಸತ್ತ ಕೋಶಗಳಿಂದ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ನುಗ್ಗಿ, ಯೂರಿಕ್ ಆಮ್ಲವೂ ಏರಿ, ಮೂತ್ರಪಿಂಡ, ಹೃದಯ ಎರಡಕ್ಕೂ ಅಪಾಯ. ಇದಕ್ಕೂ ಮುಂಚಿನ ನ್ಯಾವಿಟೊಕ್ಲಾಕ್ಸ್ ಬಿಸಿಎಲ್-ಎಕ್ಸ್‌ಎಲ್ ಅನ್ನೂ ಹಿಡಿಯುತ್ತಿತ್ತು. ಪ್ಲೇಟ್‌ಲೆಟ್‌ಗಳು ಬದುಕಿರುವುದೇ ಅದರ ಆಸರೆಯಲ್ಲಿ. ಅವುಗಳ ಎಣಿಕೆ ಕುಸಿಯಿತು.

ಇನ್ನು ಪುರಾವೆ. ಸಾಯುತ್ತಿರುವ ಕೋಶದ ಮೈಗೆ ಅಂಟುವ ಅನೆಕ್ಸಿನ್-5 ಬಣ್ಣ ಹತ್ತಿತು ಅಂದರೆ ಮುಗಿಯಲಿಲ್ಲ. ಅದಕ್ಕೆ ಕ್ಯಾಲ್ಸಿಯಂ ಬೇಕು. ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಉಳಿದಿದ್ದರೆ ಅಂಟುವುದಿಲ್ಲ. ತಟ್ಟೆಯಿಂದ ಕೋಶ ಬಿಡಿಸುವ ಕಿಣ್ವ ಟ್ರಿಪ್ಸಿನ್ ಅತಿಯಾಗಿ ಪೊರೆ ಹರಿದ ಕೋಶವೂ ಬಣ್ಣ ಹಿಡಿಯುತ್ತದೆ. 48 ಗಂಟೆಗೆ ಒಮ್ಮೆ ಮಾತ್ರ ನೋಡಿದರೆ ಪೊರೆ ಹರಿದ ಕೋಶಕ್ಕೆ ಮಾತ್ರ ಹೊಗುವ ಬಣ್ಣ ಪ್ರೊಪಿಡಿಯಂ ಅಯೊಡೈಡ್ ಕೂಡ ಒಳಹೊಕ್ಕಿರುತ್ತದೆ. ಕೋಶ ಒಡೆದು ಸಾಯುವ ನೆಕ್ರೋಸಿಸ್‌ನಲ್ಲೂ ಹಾಗೇ ಕಾಣುವುದರಿಂದ ಯಾವ ಸಾವೆಂದು ಹೇಳಲಾಗದು. 6, 12 ಗಂಟೆಗಳಲ್ಲೂ ನೋಡಬೇಕು. 116 ಕಿಲೋಡಾಲ್ಟನ್‌ನ ಪಾರ್ಪ್ ಎಂಬ ಪ್ರೋಟೀನ್ ಕ್ಯಾಸ್ಪೇಸ್‌ನಿಂದ ತುಂಡಾಗಿ 89ರ ಪಟ್ಟಿ ಬಂದಿದೆಯೇ, ಕ್ಯಾಸ್ಪೇಸ್ ತಡೆ ಹಾಕಿದರೆ ಆ ಪಟ್ಟಿ ಮಾಯವಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಬ್ಯಾಕ್ಸ್, ಬ್ಯಾಕ್ ಎರಡನ್ನೂ ತೆಗೆದ ಕೋಶಗಳಿಗೂ ಅದೇ ಸಾರ ಹಾಕಿ ನೋಡಿ. ಅವೂ ಅಷ್ಟೇ ವೇಗದಲ್ಲಿ ಸತ್ತರೆ ಆ ಸಾರ ಕೊಲ್ಲುತ್ತಿರುವುದು ಬಿಸಿಎಲ್-2 ಬಳಗದ ದಾರಿಯಲ್ಲಲ್ಲ.