ಕೀಲಿ ಕೊಟ್ಟ ಮಾತ್ರಕ್ಕ ಸಾಲ ಮುಗಿಯಂಗಿಲ್ರಿ

ಬಾಡಿಗಿ ಕೊಟ್ಟ ಮನಿ ಬ್ಯಾಂಕಿಗೆ ಬಿಟ್ಟಕೊಟ್ರ ಸಾಲ ಚುಕ್ತಾ ಅಂತ ಬರದೀರಿ ಸರ್, ಅದು ಹಂಗಲ್ರಿ. ವಿಜಯಪುರದಾಗ ನಮ್ಮ ಅಣ್ಣ ದಿವಾಳಿ ಆದಾಗ 2002ರ ಸರ್ಫೇಸಿ ಕಾಯ್ದೆ (ಕೋರ್ಟಿಗೆ ಹೋಗದ ಬ್ಯಾಂಕು ಅಡವಿಟ್ಟ ಆಸ್ತಿ ವಶಕ್ಕ ತಗೊಳ್ಳೋ ಕಾನೂನು) ನೋಟಿಸ್ ಬಂತು, ಸಾಲ ತೀರಸಾಕ 60 ದಿನ ಟೈಮ್, ಆಮ್ಯಾಲ ಮನಿ ವಶಕ್ಕ ತಗೊಂಡೀವಿ ಅಂತ ಬಾಗಿಲಿಗೆ ಇನ್ನೊಂದು ನೋಟಿಸ್ ಅಂಟಿಸಿ ಹೋದ್ರು, ಬಾಡಿಗಿ ಇದ್ದ ಅಕ್ಕಾರು ಜ್ವಾಳದ ಹಿಟ್ಟು ಹತ್ತಿದ ಕೈಲೇ ಹೊರಗ ಬಂದು "ಅಣ್ಣಾರ, ನಮ್ಮ ಡಿಪಾಸಿಟ್ ಗತಿ ಏನ್ರಿ" ಅಂದಿದ್ದು ಇನ್ನೂ ಕಣ್ಣಾಗ ಐತಿ. ಹರಾಜಿನ ರೊಕ್ಕ ಸಾಲಲಿಲ್ಲಂದ್ರ ಉಳಿದ ಬಾಕಿ ನಮ್ಮ ತಲಿ ಮ್ಯಾಲೇ, ಹೆಚ್ಚಾದ್ರ ವಾಪಸ್ ಬರ್ತೈತಿ. ಬ್ಯಾಂಕಿನವ್ರು ತಪ್ಪು ಮಾಡ್ಯಾರ ಅನಿಸಿದ್ರ 45 ದಿನದಾಗ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿಗೆ) ಹೋಗಬಹುದು. ನೋಟಿಸ್ ಬಂದ ಮ್ಯಾಲ ಬ್ಯಾಂಕ್ ಒಪ್ಪಿಗಿ ಇಲ್ದ ಹೊಸಾ ಬಾಡಿಗಿ ಕರಾರು ಮಾಡಬ್ಯಾಡ್ರಿ, ಇದ್ದವ್ರಿಗೆ ಮೊದ್ಲ ಹೇಳ್ರಿ. ನಾವು ಹೇಳಿರ್ಲಿಲ್ಲ, ಪಾಪ ಆವಾಗ ಅವ್ರ ಮಕ್ಕಳ ಪರೀಕ್ಷೆ ನಡದಿತ್ತು.