‘ಎಸ್ಸೆಸ್ಸೆಲ್ಸಿ ನಂತರ ಮುಂದೇನು?’ ಸಂಪನ್ಮೂಲ ವ್ಯಕ್ತಿಗಳಿಗೊಂದು ಕೈಪಿಡಿ

ಪ್ರತಿವರ್ಷ ಫಲಿತಾಂಶದ ಮರುದಿನ ಪತ್ರಿಕೆಗಳು ‘ಬಾಲಕಿಯರೇ ಮೇಲುಗೈ’ ಎಂದು ಅಚ್ಚು ಹಾಕುತ್ತವೆ. ಆ ಕೈಯನ್ನು ಕಾಲೇಜು ಶುರುವಾಗುವುದರೊಳಗೆ ಕೆಳಗಿಳಿಸುವ ಹೊಣೆ ವೃತ್ತಿ ಮಾರ್ಗದರ್ಶನ ಶಿಬಿರದ್ದು.

ಮೊದಲು ಆಸಕ್ತಿ ಪರೀಕ್ಷೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಇರಲಿ, ತಕರಾರು ಬರುವುದಿಲ್ಲ. ಭೇದ ಮಾಡಬೇಕಾದ್ದು ಉತ್ತರ ಓದುವಾಗ. ‘ಅಡುಗೆ ಇಷ್ಟ’ ಎಂದು ಹುಡುಗ ಬರೆದರೆ ಹೋಟೆಲ್ ಮ್ಯಾನೇಜ್‌ಮೆಂಟ್. ಹುಡುಗಿ ಬರೆದರೆ ‘ಒಳ್ಳೇದಮ್ಮಾ, ಮುಂದೆ ಬೇಕಾಗುತ್ತೆ’. ಕೆಟ್ಟ ಮಿಕ್ಸಿ ಬಿಚ್ಚುವ ಹುಡುಗನಿಗೆ ಮೆಕ್ಯಾನಿಕಲ್, ಹುಡುಗಿಗೆ ಶಾಕ್ ಹೊಡೆದೀತು ಎಂಬ ಎಚ್ಚರಿಕೆ.

ನಿಜವಾದ ಕೈಚಳಕ ಇರುವುದು ಪಿಯುಸಿ ಕಾಂಬಿನೇಶನ್‌ನಲ್ಲಿ. ಗಣಿತದಲ್ಲಿ ನೂರಕ್ಕೆ 98 ತೆಗೆದವಳಿಗೆ ‘ನಿನ್ನ ಕೈಲಾಗಲ್ಲ’ ಎನ್ನಬೇಡಿ, ಅಂಕಪಟ್ಟಿ ತೋರಿಸಿಬಿಡುತ್ತಾಳೆ. ‘ಸುಮ್ನೆ ಯಾಕಮ್ಮಾ ಟೆನ್ಷನ್?’ ಎನ್ನಿ. ಮ್ಯಾಥ್ಸ್ ಒಂದು ಬಿಡಿಸಿದರೆ ಸಾಕು: ಸಿಇಟಿಯಲ್ಲಿ ಎಂಜಿನಿಯರಿಂಗ್ ಇಲ್ಲ, ಸೇನಾಧಿಕಾರಿಗಳನ್ನು ತಯಾರಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ನೌಕಾಪಡೆ, ವಾಯುಪಡೆ ಎರಡೂ ಇಲ್ಲ. ಎರಡು ವರ್ಷದ ನಂತರ ‘ಹೆಣ್ಣುಮಕ್ಕಳಿಗೆ ಅತ್ತ ಆಸಕ್ತಿಯೇ ಇಲ್ಲ’ ಎಂಬ ಭಾಷಣಕ್ಕೆ ಆಧಾರವೂ ಸಿಕ್ಕಂತಾಯಿತು.

ಎನ್‌ಡಿಎ ಸ್ಲೈಡಿನಲ್ಲಿ ‘ಪುರುಷರಿಗೆ ಮಾತ್ರ’ ಎಂದೇ ಇರಲಿ. 2021ರಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯರಿಗೂ ಪರೀಕ್ಷೆ ಬರೆಯಲು ಬಿಟ್ಟಿದ್ದು, 2025ರಲ್ಲಿ 17 ಯುವತಿಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು ನಿಜ. ಆದರೆ ಪಿಪಿಟಿ ತಿದ್ದಲು ಯಾರಾದರೂ ಪ್ರತ್ಯೇಕ ಸಂಭಾವನೆ ಕೊಡುತ್ತಾರೆಯೇ?

ಐಟಿಐ ವಿಷಯ ಬಂದರೆ ಲೆಕ್ಕ ಸುಲಭ. ಎಲೆಕ್ಟ್ರಿಷಿಯನ್ ಎರಡು ವರ್ಷ, ಹೊಲಿಗೆ ಒಂದೇ ವರ್ಷ, ‘ಬೇಗ ಮುಗಿಯುತ್ತೆ’. ಬೇಗ ಯಾಕೆ ಮುಗಿಯಬೇಕು ಎಂದು ಅವಳು ಕೇಳಿದರೆ ಪಾಲಕರ ಕಡೆ ನೋಡಿ ನಗಿ.

ಹುಡುಗರನ್ನು ಮರೆಯಬೇಡಿ, ಪಕ್ಷಪಾತ ಎಂದಾರು. ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಕೇಳಿದ ಹುಡುಗನನ್ನು ಒಂದು ಸಲ ‘ಸಿಸ್ಟರ್’ ಎಂದು ಕರೆಯಿರಿ. ಸಭೆ ನಗುತ್ತದೆ, ಮತ್ತೆ ಯಾರೂ ಕೇಳುವುದಿಲ್ಲ.

ಸಭೆಯಲ್ಲಿ ಓದಿಕೊಂಡವರಿದ್ದರೆ ವಿಜ್ಞಾನಿ ಕಮಲಾ ಸೊಹೊನಿ ಹೆಸರು ಎತ್ತಬಹುದು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಆಕೆಗೆ ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಆಮೇಲೆ ಆಕೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದರು. ನೊಬೆಲ್ ಬಂದವರಿಗೇ ಅಳೆಯಲು ಒಂದು ವರ್ಷ ಹಿಡಿಯಿತು. ನಿಮ್ಮ ಹತ್ತಿರ ಇರುವುದು ನಲವತ್ತು ನಿಮಿಷ, ಅದರಲ್ಲಿ ಸ್ವಾಗತ ಭಾಷಣಕ್ಕೇ ಇಪ್ಪತ್ತು.

ಇನ್ನು ವೇದಿಕೆ. ಶಾಲೆಗೇ ಮೊದಲು ಬಂದವಳು ಪ್ರಾರ್ಥನೆಗೆ, ಎರಡನೆಯವಳು ಹಾರ-ಶಾಲಿನ ತಟ್ಟೆ ಹಿಡಿಯಲು. ಪ್ರೊಜೆಕ್ಟರ್ ಕೈಕೊಟ್ಟರೆ ‘ಹುಡುಗ್ರು ಯಾರಾದ್ರೂ ಬನ್ರೋ’ ಎನ್ನಿ. ಕೇಬಲ್ ಸಡಿಲವಾಗಿದೆ ಸಾರ್ ಎಂದು ತಟ್ಟೆ ಹಿಡಿದವಳು ಹೇಳಿದರೆ, ತಟ್ಟೆ ನೇರ ಹಿಡಿಯಲು ಹೇಳಿ.