ನಮ್ಮ ಮನೆಯವರು ಗ್ವಾಪೊ ಆಗಿದ್ದು

ಮ್ಯಾಡ್ರಿಡ್‌ನ ತರಕಾರಿ ಅಂಗಡಿಗಳಲ್ಲಿ ಗಿರಾಕಿಯನ್ನು ಸಾರ್, ಮೇಡಂ ಅಂತ ಕರೆಯೋದು ಕಡಿಮೆ. ‘ಓಲಾ ಗ್ವಾಪೊ, ಏನು ಕೊಡಲಿ?’ ಅಂತಾರೆ. ಗಂಡಸಾದರೆ ಗ್ವಾಪೊ, ಹೆಂಗಸಾದರೆ ಗ್ವಾಪಾ. ನಿಘಂಟು ತೆಗೆದರೆ ಚೆಲುವ, ಚೆಲುವೆ ಅಂತ ಅರ್ಥ. ನಮ್ಮ ಮನೆಯವರು ನಿಘಂಟು ತೆಗೆದಿದ್ದರು.

ಊರಲ್ಲಿದ್ದಾಗ ಕೊತ್ತಂಬರಿ ಸೊಪ್ಪು ತನ್ನಿ ಅಂದರೆ ಪೇಪರ್‌ನಿಂದ ತಲೆ ಎತ್ತುತ್ತಿರಲಿಲ್ಲ. ಇಲ್ಲಿ ನಾನು ಹೇಳೋ ಮೊದಲೇ ಚೀಲ ಹಿಡಿದು ಹೊರಡೋಕೆ ಶುರು ಮಾಡಿದರು. ಬರೀ ಟೊಮೆಟೊ ತರೋಕೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗೋ ಗಂಡಸನ್ನು ನಾನಂತೂ ನೋಡಿರಲಿಲ್ಲ. ಮನೆಯಲ್ಲಿ ಬದನೆಕಾಯಿ ಕೊಳೆಯೋಕೆ ಶುರುವಾದಾಗ ಅನುಮಾನ ಬಂತು. ಒಂದು ಶನಿವಾರ ನಾನೂ ಜೊತೆಗೆ ಹೊರಟೆ.

ಅಂಗಡಿಯಾಕೆ ಒಳ್ಳೇ ಹೆಂಗಸು. ಇವರಿಗೆ ಗ್ವಾಪೊ ಅಂದಳು. ಹಿಂದೆ ಕೋಲೂರಿಕೊಂಡು ನಿಂತಿದ್ದ ಅಜ್ಜನಿಗೂ ಅಂದಳು. ಪೋಸ್ಟ್‌ಮ್ಯಾನ್‌ಗೂ ಅಂದಳು. ಕೊನೆಗೆ ಒಬ್ಬಾಕೆ ಕಂಕುಳಲ್ಲಿಟ್ಟುಕೊಂಡಿದ್ದ ಚಪ್ಪಟೆ ಮೂತಿಯ ನಾಯಿಗೆ ‘ಗ್ವಾಪೀಸಿಮೊ!’ ಅಂದುಬಿಟ್ಟಳು. ಅಂದರೆ ಚೆಲುವರಲ್ಲಿ ಚೆಲುವ. ಇವರಿಗೂ ಸಿಗದ ಪದವಿ ಅದು. ದಾರಿಯುದ್ದಕ್ಕೂ ಇವರು ಮಾತಾಡಲಿಲ್ಲ. ಲಿಫ್ಟ್‌ನಲ್ಲಿ ಮಾತ್ರ, ‘ನಾಯಿಗೆ ಅಂದಿದ್ದು ಸುಮ್ನೆ ಪ್ರೀತಿಗೆ ಕಣೇ’ ಅಂದರು.

ಅಲ್ಲಿಯವರ ಬಾಯಲ್ಲಿ ಅದು ಜೇಬಿನ ಚಿಲ್ಲರೆ ಕಾಸಿನ ಹಾಗೆ, ಎದುರಿಗೆ ಬಂದವರಿಗೆಲ್ಲ ಒಂದೊಂದು. ನಿಜವಾಗಿ ಚೆನ್ನಾಗಿದ್ದೀಯ ಅನ್ನಬೇಕಾದಾಗಲೂ ಅದೇ ಮಾತು, ಆದರೆ ಅಲ್ಲಿ ಕ್ರಿಯಾಪದ ನೋಡಬೇಕು. ‘ಎರೆಸ್ ಗ್ವಾಪಾ’ ಅಂದರೆ ನೀನು ಚೆಲುವೆ, ಹುಟ್ಟಿದಾಗಿಂದಲೂ. ‘ಎಸ್ತಾಸ್ ಗ್ವಾಪಾ’ ಅಂದರೆ ಇವತ್ತು ಚೆನ್ನಾಗಿ ಕಾಣ್ತಿದ್ದೀಯ. ದೀಪಾವಳಿಗೆ ಮೈಸೂರು ಸಿಲ್ಕ್ ಉಟ್ಟಾಗ ಪಕ್ಕದ ಮನೆಯಾಕೆ ನನಗೆ ಹೇಳಿದ್ದು ಎರಡನೆಯದು. ಅಂಕವೆಲ್ಲ ಸೀರೆಗೇ ಹೋಯಿತು ಅಂತಾಯ್ತು, ಅಲ್ವಾ?

ಇವರ ನಿಜವಾದ ಪೀಕಲಾಟ ಆಗಿದ್ದು ಆಫೀಸಿನಲ್ಲಿ. ಕೆಲಸ ಒಂದು ತಿಂಗಳು ತಡ ಅನ್ನೋದನ್ನು ಗಿರಾಕಿಗೆ ತಿಳಿಸಬೇಕಿತ್ತು. ಆ ಗಿರಾಕಿ ಫೋನಿನಲ್ಲೇ ಮೈಮೇಲೆ ಬೀಳೋ ಆಸಾಮಿ. ಮೀಟಿಂಗ್‌ನಲ್ಲಿ ಮ್ಯಾನೇಜರ್ ಸುತ್ತಲೂ ನೋಡಿ, ‘ಇದನ್ನು ಅವನಿಗೆ ಹೇಳೋ ಗ್ವಾಪೊ ಯಾರು ನೋಡೋಣ?’ ಅಂದರಂತೆ. ಇವರಿಗೆ ಪೂರ್ತಿ ವಾಕ್ಯದಲ್ಲಿ ಅರ್ಥವಾಗಿದ್ದು ಅದೊಂದೇ ಪದ. ತರಕಾರಿ ಅಂಗಡಿ ನೆನಪಾಗಿ, ನಗುತ್ತಾ ಕೈ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಬೆನ್ನು ತಟ್ಟಿ ಫೋನ್ ನಂಬರ್ ಕೈಗಿಟ್ಟರು. ‘ಅಂಥ ಗಂಡು ಯಾರಿದ್ದೀರಪ್ಪ?’ ಅಂತ ನಮ್ಮಲ್ಲಿ ಕೇಳ್ತಾರಲ್ಲ, ಆ ಗಂಡು ಈ ಗ್ವಾಪೊ. ಅವತ್ತು ಮನೆಗೆ ಬಂದವರಿಗೆ ಊಟ ಸೇರಲಿಲ್ಲ.

ಆಮೇಲೆ ಹುಡುಕಿದಾಗ ಗೊತ್ತಾಯಿತು, ಸ್ಪೇನಿನ ಭಾಷಾ ಅಕಾಡೆಮಿಯ ನಿಘಂಟಿನಲ್ಲಿ ಧೈರ್ಯಶಾಲಿ ಅನ್ನೋ ಅರ್ಥವೂ ಇದೆ. 1713ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಷ್ಟು ಹಳಬರೂ ಈ ಪದದ ಮೂಲಕ್ಕೆ ಮಾತ್ರ ‘ಬಹುಶಃ’ ಅಂತ ಸೇರಿಸಿದ್ದಾರೆ: ಲ್ಯಾಟಿನ್‌ನ ‘ವಪ್ಪ’, ಅಂದರೆ ರುಚಿ ಕೆಟ್ಟ ವೈನ್, ಪೋಕರಿ. ಇದನ್ನು ನಾನು ಇವರಿಗೆ ಓದಿ ಹೇಳಿದೆ. ಎರಡು ಸಲ.

ಹಾಗಂತ ಎಲ್ಲ ಕಡೆಯೂ ಅದು ಅಗ್ಗದ ಮಾತಲ್ಲ. ಈಸ್ಟರ್‌ಗೆ ಮುಂಚಿನ ವಾರ ಸೆವಿಲ್‌ಗೆ ಹೋಗಿದ್ದೆವು. ಗುಡ್ ಫ್ರೈಡೆಯ ಹಿಂದಿನ ರಾತ್ರಿ ಮಕರೇನ ಮಾತೆಯ, ಅಂದರೆ ಅಲ್ಲಿಯವರ ಮೇರಿ ಮಾತೆಯ ವಿಗ್ರಹದ, ಮೆರವಣಿಗೆ ಹೊರಡುತ್ತದೆ. ಕೆನ್ನೆಯ ಮೇಲೆ ಗಾಜಿನ ಕಣ್ಣೀರ ಹನಿ, ಮುಂದೆ ಸಾಲು ಸಾಲು ಮೇಣದಬತ್ತಿ, ಮಂಟಪದ ಕೆಳಗೆ ಕಣ್ಣಿಗೆ ಕಾಣದಂತೆ ಹೊತ್ತು ನಡೆಯೋ ಗಂಡಸರು. ಜನ ಅಳುತ್ತಾ ಕೂಗುತ್ತಾರೆ, ‘ಗ್ವಾಪಾ! ಗ್ವಾಪಾ! ಗ್ವಾಪಾ!’ ನನ್ನ ಮೈ ಜುಮ್ಮೆಂದಿತು. ಇವರು ಮಾತ್ರ ಕಿವಿಯಲ್ಲಿ, ‘ದೇವರಿಗೆ ಹೀಗನ್ನಬಹುದಾ?’ ಅಂದರು. ಬೇಲೂರಲ್ಲಿ ಚೆನ್ನಕೇಶವ, ಮೇಲುಕೋಟೆಯಲ್ಲಿ ಚೆಲುವನಾರಾಯಣ. ನಾವು ಹೆಸರಲ್ಲೇ ಸೇರಿಸಿಟ್ಟಿದ್ದೀವಿ, ಅವರು ಕೂಗಿ ಹೇಳ್ತಾರೆ ಅಂದೆ.

ಸಮುದ್ರ ದಾಟಿದರೆ ಕಥೆಯೇ ಬೇರೆ. ನಾನು ತಲೆಕೂದಲು ಕತ್ತರಿಸಿಕೊಳ್ಳೋ ಸಲೂನ್ ಕೆರಿಬಿಯನ್ ಕಡೆಯ ಡೊಮಿನಿಕನ್ ಹೆಂಗಸಿನದು. ‘ನನ್ನ ಗಂಡ ಇವತ್ತು ಗ್ವಾಪೊ’ ಅಂತ ಆಕೆ ನಿಟ್ಟುಸಿರು ಬಿಟ್ಟಾಗ ನಾನು ಸಂತೋಷಪಟ್ಟೆ. ಅವರ ಕಡೆ ಹಾಗೆಂದರೆ ಸಿಟ್ಟಿನಲ್ಲಿದ್ದಾನೆ ಅಂತ! ಪರಾಗ್ವೆಯಲ್ಲಾದರೆ ಗ್ವಾಪೊ ಅಂದರೆ ಮೈಬಗ್ಗಿಸಿ ದುಡಿಯೋನು. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

‘ರೀ, ಮ್ಯಾಡ್ರಿಡ್ ಗ್ವಾಪೊ ಆಗಿದ್ದು ಸಾಕು, ಇವತ್ತು ಸ್ವಲ್ಪ ಪರಾಗ್ವೆ ಗ್ವಾಪೊ ಆಗಿ’ ಅಂತ ಸಿಂಕ್ ತುಂಬಿದ್ದ ಪಾತ್ರೆ ತೋರಿಸಿದೆ. ಇವರು ತಕ್ಷಣ ಡೊಮಿನಿಕನ್ ಗ್ವಾಪೊ ಆದರು.